ಹೆಸರಿಗೆ ಬರುವ ಹಣ, ಸೆಳೆಯಲು ಕೊಡುವ ಹಣ: ಹೈಸ್ಕೂಲ್ ಕ್ರೀಡಾಪಟುವಿನ ತಂದೆಗೆ ಉತ್ತರ

ಪ್ರಶ್ನೆ: ನಾವು ಮೈಸೂರಿನವರು, ಹನ್ನೊಂದು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇವೆ. ನನ್ನದು ಎಚ್-1ಬಿ ವೀಸಾ. ಹೆಂಡತಿ ಮತ್ತು ಮಗಳು ಎಚ್-4ನಲ್ಲಿದ್ದಾರೆ. ಗ್ರೀನ್ ಕಾರ್ಡಿನ ಸರದಿ ಇನ್ನೂ ದೂರವಿದೆ. ಮಗಳಿಗೆ ಹದಿನಾರು ವರ್ಷ, ಸರ್ಕಾರಿ ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ, ಟೆನಿಸ್ ಚೆನ್ನಾಗಿ ಆಡುತ್ತಾಳೆ. ಒಂದು ಕ್ರೀಡಾ ಸಾಮಗ್ರಿ ಅಂಗಡಿಯವರು ಇನ್‌ಸ್ಟಾಗ್ರಾಂನಲ್ಲಿ ಆರು ಪೋಸ್ಟ್ ಹಾಕಿದರೆ 1,500 ಡಾಲರ್ ಮತ್ತು ರ‍್ಯಾಕೆಟ್‌ಗಳನ್ನು ಕೊಡುತ್ತೇವೆ ಎಂದಿದ್ದಾರೆ. ನಲವತ್ತು ಮೈಲಿ ದೂರದ ಒಂದು ಖಾಸಗಿ ಶಾಲೆಯ ಕೋಚ್, ಮಗಳನ್ನು ತಮ್ಮಲ್ಲಿಗೆ ಸೇರಿಸಿ ಹನ್ನೊಂದನೆಯ ತರಗತಿಯನ್ನು ಮತ್ತೊಮ್ಮೆ ಓದಿಸಿದರೆ ಫೀಸು ಪೂರ್ತಿ ಮಾಫಿ ಎನ್ನುತ್ತಿದ್ದಾರೆ. ಒಬ್ಬ ಏಜೆಂಟ್ ಶೇ. 20ರ ಕರಾರು ಪತ್ರ ಕಳಿಸಿದ್ದಾನೆ. ಇದಲ್ಲದೆ ಇಲ್ಲಿನ ಕನ್ನಡ ಸಂಘದವರು ವಾರಾಂತ್ಯದಲ್ಲಿ ಮಕ್ಕಳಿಗೆ ಟೆನಿಸ್ ಕಲಿಸಿದರೆ ಗಂಟೆಗೆ 20 ಡಾಲರ್ ಕೊಡುತ್ತಾರಂತೆ. ಹೈಸ್ಕೂಲ್ ಮಕ್ಕಳು ಹೀಗೆ ಹಣ ಪಡೆಯಬಹುದೇ? ಕಾಲೇಜಿನ ಅವಕಾಶಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಮುಂದಿರುವ ಪತ್ರಗಳಲ್ಲಿ ಯಾವುದಕ್ಕೂ ಈಗ ಸಹಿ ಹಾಕಬೇಡಿ. ಆದರೆ ಬೇಡ ಎನ್ನುವುದಕ್ಕೆ ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣವಿದೆ, ಮತ್ತು ಆ ಕಾರಣಗಳನ್ನು ಬಿಡಿಸಿ ನೋಡದೆ ಹೋದರೆ ಮುಂದಿನ ವರ್ಷ ಬರುವ ಒಳ್ಳೆಯ ಅವಕಾಶವನ್ನೂ ನೀವು ಹೆದರಿ ಬಿಟ್ಟುಬಿಡುತ್ತೀರಿ. ಕಾಲೇಜು ಕ್ರೀಡೆಯ ನಿಯಮಪಾಲನೆಯ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ನಾನು ಪೋಷಕರಿಗೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತಾರೆ’ ಎಂಬುದಲ್ಲ, ‘ದುಡ್ಡು ಕೊಡುವವರು ಏನನ್ನು ಕೊಂಡುಕೊಳ್ಳುತ್ತಿದ್ದಾರೆ’ ಎಂಬುದು. ಮಗುವಿನ ಹೆಸರನ್ನೂ ಮುಖವನ್ನೂ ಜಾಹೀರಾತಿಗಾಗಿ ಕೊಂಡರೆ ಅದು ಒಂದು ಲೆಕ್ಕ. ಮಗು ಯಾವ ಶಾಲೆಗೆ, ಯಾವ ಕಾಲೇಜಿಗೆ ಸೇರಬೇಕೆಂಬ ತೀರ್ಮಾನವನ್ನೇ ಕೊಂಡರೆ ಅದು ಇನ್ನೊಂದು ಲೆಕ್ಕ. ಅಮೆರಿಕದ ಇಂದಿನ ನಿಯಮಗಳೆಲ್ಲ ಈ ಎರಡರ ನಡುವಿನ ಗೆರೆಯ ಮೇಲೆ ನಿಂತಿವೆ. ಆ ಗೆರೆ ಅಲ್ಲಲ್ಲಿ ಅಳಿಸಿಹೋಗಿದೆ ಎಂಬುದೂ ನಿಜವೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಯುಸಿಎಲ್‌ಎ ವಿಶ್ವವಿದ್ಯಾಲಯದ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಓಬ್ಯಾನನ್, ಒಂದು ವಿಡಿಯೋ ಗೇಮಿನಲ್ಲಿ ತನ್ನನ್ನೇ ಹೋಲುವ ಆಟಗಾರನನ್ನು ಕಂಡು, ತನ್ನ ರೂಪ ಮಾರಾಟವಾಗುತ್ತಿದ್ದರೂ ತನಗೆ ಕಾಸೂ ಬರುತ್ತಿಲ್ಲವೆಂದು 2009ರಲ್ಲಿ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ಮೇಲೆ ದಾವೆ ಹೂಡಿದರು. ಅಲ್ಲಿಂದ ಹೊರಟ ದಾರಿ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಆಲ್‌ಸ್ಟನ್ ತೀರ್ಪಿಗೆ ಬಂದು ಮುಟ್ಟಿತು. ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಮರುವಾರವೇ, 2021ರ ಜುಲೈ 1ರಿಂದ, ಕಾಲೇಜು ಕ್ರೀಡಾಪಟುಗಳು ತಮ್ಮ ಹೆಸರು, ಚಿತ್ರ ಮತ್ತು ಹೋಲಿಕೆಯಿಂದ ಹಣ ಗಳಿಸಬಹುದು ಎಂದಾಯಿತು. ಇಂಗ್ಲಿಷಿನ ಮೂರು ಮೊದಲಕ್ಷರಗಳಿಂದ ಎಲ್ಲರೂ ಇದನ್ನು ಎನ್‌ಐಎಲ್ ಎನ್ನುತ್ತಾರೆ.

ಹೈಸ್ಕೂಲ್ ಮಟ್ಟದಲ್ಲಿ ಅಧಿಕಾರವಿರುವುದು ಎನ್‌ಸಿಎಎಗೆ ಅಲ್ಲ, ಆಯಾ ರಾಜ್ಯದ ಶಾಲಾ ಕ್ರೀಡಾ ಸಂಘಕ್ಕೆ. ಕ್ಯಾಲಿಫೋರ್ನಿಯಾ ಮೊದಲಿನಿಂದಲೂ ಉದಾರವಾಗಿತ್ತು. ನಿಮ್ಮ ನ್ಯೂಜೆರ್ಸಿಯೂ ನ್ಯೂಯಾರ್ಕೂ 2021ರ ಕೊನೆಯ ಹೊತ್ತಿಗೇ ಒಪ್ಪಿಕೊಂಡವು. ಈಗ ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಂದಲ್ಲ ಒಂದು ಬಗೆಯಲ್ಲಿ ಅನುಮತಿಸುತ್ತವೆ. ನಿಷೇಧ ಉಳಿಸಿಕೊಂಡ ರಾಜ್ಯಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಟೆಕ್ಸಾಸ್ ಸಾಕ್ಷಿ. ಸೌತ್‌ಲೇಕ್ ಕ್ಯಾರಲ್ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡೆಸೆದು ತಂಡದ ಆಟ ನಡೆಸುವವ) ಕ್ವಿನ್ ಈವರ್ಸ್, ತನ್ನ ರಾಜ್ಯದಲ್ಲಿ ಹೈಸ್ಕೂಲ್ ವಿದ್ಯಾರ್ಥಿಗೆ ಇಂಥ ಗಳಿಕೆ ನಿಷಿದ್ಧ ಎಂಬ ಕಾರಣಕ್ಕೇ 2021ರಲ್ಲಿ ಹನ್ನೆರಡನೆಯ ತರಗತಿಯನ್ನು ಬಿಟ್ಟು ಒಂದು ವರ್ಷ ಮೊದಲೇ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿಕೊಂಡ. ಅವನಿಗೆ ಸಿಕ್ಕ ಒಪ್ಪಂದದ ಮೊತ್ತ ಸುಮಾರು 14 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಹದಿನೆಂಟರ ಹುಡುಗನೊಬ್ಬ ಶಾಲೆಯ ಕೊನೆಯ ವರ್ಷವನ್ನೇ ಬಿಡುವಂತೆ ಮಾಡಿದ ನಿಷೇಧ ಯಾರನ್ನು ಕಾಪಾಡಿತು ಎಂದು ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ.

ಅನುಮತಿ ಇರುವ ಕಡೆಯೂ ಅದು ಸಂಬಳವಲ್ಲ. ಶಾಲೆ ಹಣ ಕೊಡುವಂತಿಲ್ಲ, ಗೆದ್ದ ಪಂದ್ಯಕ್ಕೆ ಇಂತಿಷ್ಟು ಎಂದು ಯಾರೂ ಕೊಡುವಂತಿಲ್ಲ, ಜಾಹೀರಾತಿನಲ್ಲಿ ಶಾಲೆಯ ಹೆಸರು, ಲಾಂಛನ, ಸಮವಸ್ತ್ರಗಳು ಕಾಣಿಸುವಂತಿಲ್ಲ. ಮದ್ಯ, ತಂಬಾಕು, ಜೂಜಿನಂಥ ವಸ್ತುಗಳ ಪ್ರಚಾರ ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಣ ಯಾವುದೇ ಶಾಲೆಗೆ ಬಾ ಎಂದು ಕರೆಯುವ ಆಮಿಷವಾಗಿರಬಾರದು. ಕ್ರೀಡಾ ನಿಯಮದ ದೃಷ್ಟಿಯಿಂದ ಮಾತ್ರ ನೋಡಿದರೆ ನಿಮ್ಮ ಅಂಗಡಿಯವರ 1,500 ಡಾಲರ್ ಒಪ್ಪಂದದಲ್ಲಿ ದೋಷವಿಲ್ಲ. ಆರು ಪೋಸ್ಟ್‌ಗಳಿಗೆ ಆ ಮೊತ್ತ ಸಹಜವಾಗಿದೆ, ಕೊಳ್ಳುವವರು ನಿಜವಾಗಿ ರ‍್ಯಾಕೆಟ್ ಮಾರುವವರೇ ಆಗಿದ್ದಾರೆ, ಅವರಿಗೆ ಮಗಳು ಯಾವ ಶಾಲೆಯಲ್ಲಿ ಓದಿದರೂ ಒಂದೇ. ಗೃಹಸ್ಥರಂತೆ ವ್ಯವಹಾರ ಮಾಡುವ ಅಂಗಡಿ ಅದು.

ತೊಡಕಿರುವುದು ನಿಮ್ಮ ವೀಸಾದಲ್ಲಿ. ಇಲ್ಲಿನ ಕ್ರೀಡಾ ಲೇಖನಗಳು ಈ ವಿಷಯವನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಬರೆಯುವವರ ಮನೆಯಲ್ಲಿ ಈ ಸಮಸ್ಯೆ ಇರುವುದಿಲ್ಲ. ನಮ್ಮವರ ಮನೆಗಳಲ್ಲಾದರೋ ಮಗು ಐದನೆಯ ವಯಸ್ಸಿಗೆ ಬಂದು, ಇಲ್ಲಿಯ ಉಚ್ಚಾರಣೆಯಲ್ಲೇ ಮಾತಾಡುತ್ತ, ಇಲ್ಲಿಯ ಮಕ್ಕಳ ಹಾಗೆಯೇ ಬೆಳೆದಿರುವುದರಿಂದ, ಅದರ ಪಾಸ್‌ಪೋರ್ಟಿನಲ್ಲಿ ‘ಅವಲಂಬಿತ’ ಎಂಬ ಮುದ್ರೆಯಿದೆ ಎಂಬುದನ್ನು ತಂದೆತಾಯಿಗಳೇ ಮರೆತಿರುತ್ತಾರೆ. ಎಚ್-4ನಲ್ಲಿರುವವರು ಓದಬಹುದು, ದುಡಿಯುವಂತಿಲ್ಲ. ಎಚ್-4 ಆಧಾರದ ಮೇಲೆ ಕೆಲಸದ ಪರವಾನಗಿ ಸಿಗುವುದು ಕೆಲವು ಷರತ್ತುಗಳಿಗೊಳಪಟ್ಟು ಪತಿ ಅಥವಾ ಪತ್ನಿಗೆ ಮಾತ್ರ, ಮಕ್ಕಳಿಗೆ ಅಲ್ಲ. ಹೇಳಿದ ದಿನ ಹೇಳಿದಂತೆ ಚಿತ್ರ ತೆಗೆಸಿಕೊಂಡು, ಬರೆದುಕೊಟ್ಟ ಮಾತನ್ನು ಸೇರಿಸಿ, ಪೋಸ್ಟ್ ಹಾಕಿ, ಅದಕ್ಕೆ ಪ್ರತಿಯಾಗಿ ಹಣ ಪಡೆಯುವುದನ್ನು ವಲಸೆ ಇಲಾಖೆ ದುಡಿಮೆ ಎಂದು ಪರಿಗಣಿಸುವ ಅಪಾಯ ಸ್ಪಷ್ಟವಾಗಿದೆ. ಹಣ ಬೇಡ, ರ‍್ಯಾಕೆಟ್ ಮಾತ್ರ ಕೊಡಿ ಎಂದರೂ ಪಾರಾಗುವುದಿಲ್ಲ, ಏಕೆಂದರೆ ಪ್ರತಿಯಾಗಿ ಕೆಲಸ ಮಾಡಿಸಿಕೊಂಡು ಕೊಟ್ಟ ವಸ್ತುವೂ ಪ್ರತಿಫಲವೇ. ಪ್ರತಿಯಾಗಿ ಏನನ್ನೂ ಕೇಳದೆ ಕೊಟ್ಟ ಉಡುಗೊರೆಯ ಮಾತು ಬೇರೆ, ಆದರೆ ನಿಮಗೆ ಬಂದಿರುವ ಪತ್ರ ಅಂಥದಲ್ಲ.

ಕಾಲೇಜಿನಲ್ಲಿ ಓದುವ ವಿದೇಶಿ ಆಟಗಾರರೂ ಇದೇ ಗೋಡೆಗೆ ಹಣೆ ತಾಗಿಸಿಕೊಂಡಿದ್ದಾರೆ. ಕಾಂಗೋ ದೇಶದ ಆಸ್ಕರ್ ಷೀಬ್ವೆ ಕೆಂಟಕಿ ವಿಶ್ವವಿದ್ಯಾಲಯದ ದೊಡ್ಡ ಬ್ಯಾಸ್ಕೆಟ್‌ಬಾಲ್ ತಾರೆಯಾಗಿದ್ದರೂ ಅಮೆರಿಕದ ನೆಲದಲ್ಲಿ ಜಾಹೀರಾತಿಗೆ ಕೆಲಸ ಮಾಡುವುದು ಕಷ್ಟವಾಗಿ, 2022ರ ಬೇಸಿಗೆಯಲ್ಲಿ ತಂಡ ಬಹಾಮಾಸ್‌ಗೆ ಪ್ರವಾಸ ಹೋದಾಗ ಅಲ್ಲಿ ಚಿತ್ರೀಕರಣಗಳನ್ನು ಮುಗಿಸಿಕೊಂಡು ಬಂದರು. ಅಷ್ಟು ದೊಡ್ಡ ಆಟಗಾರನಿಗೆ ಅದು ಹೊಂದುತ್ತದೆ. 1,500 ಡಾಲರಿಗಾಗಿ ವಿಮಾನ ಹತ್ತುವ ಮಾತು ನಿಮಗೆ ಬೇಡ. ಗ್ರೀನ್ ಕಾರ್ಡಿನ ಅಂತಿಮ ಅರ್ಜಿ ಸಲ್ಲಿಸುವ ಸರದಿ ಬಂದು, ಅದರ ಜೊತೆಗೆ ಮಗಳ ಹೆಸರಿನಲ್ಲೇ ಕೆಲಸದ ಪರವಾನಗಿ ಕೈಗೆ ಸಿಕ್ಕಿದರೆ ಆಗ ಇದೇ ಒಪ್ಪಂದ ತೊಂದರೆಯಿಲ್ಲದ್ದಾಗುತ್ತದೆ. ಅಂಗಡಿಯವರಿಗೆ ಹಾಗೆಯೇ ಬರೆದು ತಿಳಿಸಿ, ಬಾಗಿಲು ಮುಚ್ಚಬೇಡಿ. ಆಗ ಇನ್ನೊಂದು ಲೆಕ್ಕವೂ ಶುರುವಾಗುತ್ತದೆ. ಇದು ಸ್ವಂತ ಉದ್ಯೋಗದ ಆದಾಯವಾದ್ದರಿಂದ ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ದಾಟಿದರೆ ಮಗಳ ಹೆಸರಿನಲ್ಲಿ ತೆರಿಗೆ ವಿವರ ಸಲ್ಲಿಸಬೇಕು. ವಲಸೆ ವಕೀಲರನ್ನು ಒಮ್ಮೆ ಕಾಣುವುದು ಅಗತ್ಯ. ಕ್ರೀಡಾ ಏಜೆಂಟರು ವೀಸಾದ ಬಗ್ಗೆ ಕೊಡುವ ಭರವಸೆಗೆ ಬೆಲೆ ಕಟ್ಟಬೇಡಿ.

ಇನ್ನು ಖಾಸಗಿ ಶಾಲೆಯ ಮಾತು. ನಾಲ್ಕರಲ್ಲಿ ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಇದೇ. ಅಂಗಡಿಯವರು ಕೊಳ್ಳುತ್ತಿರುವುದು ಮಗಳ ಮುಖವನ್ನು, ಈ ಕೋಚ್ ಕೊಳ್ಳುತ್ತಿರುವುದು ಮಗಳ ಹಾಜರಿಯನ್ನು. ಶಾಲೆಗಳು ಆಟಕ್ಕಾಗಿ ಮಕ್ಕಳನ್ನು ಸೆಳೆಯುವುದನ್ನು ರಾಜ್ಯ ಸಂಘಗಳು ಹಿಂದಿನಿಂದಲೂ ನಿಷೇಧಿಸಿವೆ. ಆ ನಿಷೇಧ ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು ಟೆನೆಸ್ಸಿಯ ನ್ಯಾಶ್‌ವಿಲ್ ಬಳಿಯ ಬ್ರೆಂಟ್‌ವುಡ್ ಅಕಾಡೆಮಿಯ ಪ್ರಕರಣ ನೋಡಬೇಕು. ಅಲ್ಲಿಯ ಫುಟ್‌ಬಾಲ್ ಕೋಚ್, ಮುಂದಿನ ವರ್ಷಕ್ಕೆ ಸೇರಲು ಆಗಲೇ ಒಪ್ಪಿದ್ದ ಎಂಟನೆಯ ತರಗತಿಯ ಹುಡುಗರಿಗೆ, ವಸಂತಕಾಲದ ಅಭ್ಯಾಸಕ್ಕೆ ಬನ್ನಿ ಎಂದು ಪತ್ರ ಬರೆದು ಕೊನೆಗೆ ‘ನಿಮ್ಮ ಕೋಚ್’ ಎಂದು ಸಹಿ ಮಾಡಿದ್ದರು. ಹಣವಿಲ್ಲ, ಫೀಸು ಮಾಫಿಯಿಲ್ಲ, ಒಂದು ಕಾಗದ ಅಷ್ಟೆ. ರಾಜ್ಯ ಸಂಘ 1997ರಲ್ಲಿ ಶಾಲೆಗೆ 3,000 ಡಾಲರ್ ದಂಡ ಹಾಕಿ, ನಾಲ್ಕು ವರ್ಷ ನಿಗಾದಲ್ಲಿಟ್ಟು, ಫುಟ್‌ಬಾಲ್ ಮತ್ತು ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ಅಂತಿಮ ಸುತ್ತಿನ ಪಂದ್ಯಗಳಿಂದ ಹೊರಗಿಟ್ಟಿತು. ಶಾಲೆ ಮೊಕದ್ದಮೆ ಹೂಡಿತು. ಅದು ಎರಡು ಬಾರಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ, ಇಂಥ ಸಂಘವನ್ನು ಸರ್ಕಾರದ ಅಂಗದಂತೆಯೇ ಕಾಣಬೇಕೆಂದು ಶಾಲೆಯ ಪರವಾಗಿ ತೀರ್ಪಾದರೂ, 2007ರಲ್ಲಿ, ತಾನಾಗಿ ಸದಸ್ಯತ್ವ ಪಡೆದ ಶಾಲೆ ಸಂಘದ ನಿಯಮಕ್ಕೆ ಬದ್ಧ, ಆ ಪತ್ರಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂದು ನ್ಯಾಯಾಲಯ ಸಂಘದ ಪರ ನಿಂತಿತು. ಒಂದು ಕಾಗದಕ್ಕೆ ಹತ್ತು ವರ್ಷದ ವ್ಯಾಜ್ಯ. ನಿಮಗೆ ಬಂದಿರುವುದು ಆಟದ ಕಾರಣಕ್ಕೆ ಪೂರ್ಣ ಶುಲ್ಕ ವಿನಾಯಿತಿ.

ಫೀಸು ಮಾಫಿಯೇ ತಪ್ಪೆಂದಲ್ಲ. ಕುಟುಂಬದ ಆದಾಯ ನೋಡಿ, ಆಡುವವರಿಗೂ ಆಡದವರಿಗೂ ಒಂದೇ ಅಳತೆಗೋಲಿನಲ್ಲಿ ಕೊಡುವ ನೆರವು ಸರಿಯಾದದ್ದು, ಮತ್ತು ಅದನ್ನು ಕೊಡುವುದು ಶಾಲೆಯ ಪ್ರವೇಶ ಕಚೇರಿ, ಕೋಚ್ ಅಲ್ಲ. ಐಎಂಜಿ ಅಕಾಡೆಮಿಯಂಥ ಕ್ರೀಡಾ ವಸತಿಶಾಲೆಗಳ ರೀತಿನೀತಿ ಬೇರೆ. ಅಟ್ಲಾಂಟಾದಲ್ಲಿ 2021ರಲ್ಲಿ ಶುರುವಾದ ಓವರ್‌ಟೈಮ್ ಎಲೀಟ್ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್ ಹದಿನಾರು ದಾಟಿದ ಹುಡುಗರಿಗೆ ವರ್ಷಕ್ಕೆ ಕನಿಷ್ಠ 1 ಲಕ್ಷ ಡಾಲರ್ ಸಂಬಳವನ್ನೇ ಕೊಟ್ಟಿತು. ಅಲ್ಲಿ ಆಡಿದ ಅವಳಿಗಳಾದ ಏಮನ್ ಮತ್ತು ಆಸರ್ ಥಾಂಪ್ಸನ್ 2023ರ ಎನ್‌ಬಿಎ ಆಯ್ಕೆಯಲ್ಲಿ ನಾಲ್ಕನೆಯವರೂ ಐದನೆಯವರೂ ಆಗಿ ಆರಿಸಿಹೋದರು. ಆದರೆ ಸಂಬಳ ಪಡೆದವರು ಹೈಸ್ಕೂಲ್ ಮತ್ತು ಕಾಲೇಜು ತಂಡಗಳ ಆಸೆ ಬಿಟ್ಟೇ ಹೋಗಿದ್ದರು. ಅದು ತೆರೆದ ಬಾಗಿಲಿನ ವ್ಯವಹಾರ. ನಿಮ್ಮ ಕೋಚ್ ಮಾತಾಡುತ್ತಿರುವುದು ಹಿತ್ತಿಲ ಬಾಗಿಲಲ್ಲಿ ನಿಂತು.

ತರಗತಿಯನ್ನು ಮತ್ತೊಮ್ಮೆ ಓದಿಸುವ ಸಲಹೆ ಇನ್ನೂ ಕೆಟ್ಟದ್ದು. ದೇಹ ಬಲಿಯಲಿ, ಒಂದು ವರ್ಷ ಹೆಚ್ಚು ಆಡಲಿ ಎಂಬುದು ಕೋಚ್‌ಗಳ ಲೆಕ್ಕಾಚಾರ. ಎನ್‌ಸಿಎಎ ಮೊದಲನೆಯ ದರ್ಜೆಯ ಕಾಲೇಜಿನಲ್ಲಿ ಆಡಬೇಕಾದರೆ 16 ಮುಖ್ಯ ವಿಷಯಗಳಲ್ಲಿ ತೇರ್ಗಡೆಯಾಗಿ 4ಕ್ಕೆ ಕನಿಷ್ಠ 2.3 ಸರಾಸರಿ ಅಂಕ ಇರಬೇಕು, ಅದೂ ಒಂಬತ್ತನೆಯ ತರಗತಿ ಸೇರಿದಾಗಿನಿಂದ ಎಂಟು ಸೆಮಿಸ್ಟರ್‌ಗಳ ಒಳಗೆ. ಅವುಗಳಲ್ಲಿ ಹತ್ತು ವಿಷಯಗಳು ಏಳನೆಯ ಸೆಮಿಸ್ಟರ್ ಶುರುವಾಗುವ ಮೊದಲೇ ಮುಗಿದಿರಬೇಕು. ತರಗತಿ ಮರುಕಳಿಸಿದರೂ ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ. ಎಚ್-4 ಮಗುವಿಗೆ ಮತ್ತೊಂದು ಗಡಿಯಾರವೂ ಓಡುತ್ತಿರುತ್ತದೆ. ಇಪ್ಪತ್ತೊಂದು ತುಂಬಿದರೆ ಅವಲಂಬಿತರ ಸ್ಥಾನ ಹೋಗಿ ಬೇರೆ ವೀಸಾ, ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ, ಹುಡುಕಬೇಕಾಗುತ್ತದೆ. ಹಾಗಿರುವಾಗ ಕೈಯಾರೆ ಒಂದು ವರ್ಷ ಕಳೆದುಕೊಳ್ಳುವುದೇ?

ಯಾರೋ ಒಬ್ಬರು ಮೌನವಾಗಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರೂ ಉಂಟು. 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಅಡಿಡಾಸ್ ಕಂಪನಿಯ ಅಧಿಕಾರಿ ಜೇಮ್ಸ್ ಗ್ಯಾಟೊ ಮತ್ತಿತರರನ್ನು ಬಂಧಿಸಿತು. ಒಬ್ಬ ಹೈಸ್ಕೂಲ್ ಆಟಗಾರ ಲೂಯಿವಿಲ್ ವಿಶ್ವವಿದ್ಯಾಲಯ ಸೇರಲೆಂದು ಅವನ ಕುಟುಂಬಕ್ಕೆ 1 ಲಕ್ಷ ಡಾಲರ್ ಕೊಡುವ ಏರ್ಪಾಡಾಗಿತ್ತು. ಅರ್ಹತೆಯಿಲ್ಲದ ಆಟಗಾರನಿಗೆ ವಿದ್ಯಾರ್ಥಿವೇತನ ಕೊಡುವಂತೆ ವಿಶ್ವವಿದ್ಯಾಲಯವನ್ನೇ ವಂಚಿಸಿದರು ಎಂಬ ಆರೋಪ 2018ರ ಅಕ್ಟೋಬರ್‌ನಲ್ಲಿ ಸಾಬೀತಾಯಿತು. ಕಂಪನಿಯ ಅಧಿಕಾರಿ ಶಿಕ್ಷೆ ಅನುಭವಿಸಿದ್ದು ಒಂದು ಕಡೆ, ಆ ಹುಡುಗ ಕಾಲೇಜಿನ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡಲಾಗಲಿಲ್ಲ ಎಂಬುದು ಇನ್ನೊಂದು ಕಡೆ. ಅಷ್ಟೇ ಮೊತ್ತ ಇಂದು ಹೆಸರಿನ ಒಪ್ಪಂದವಾಗಿ ಬೆಳಕಿನಲ್ಲಿ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಈ ವಿಪರ್ಯಾಸವನ್ನು ನಾನು ಸಮರ್ಥಿಸುತ್ತಿಲ್ಲ, ಇರುವ ಹಾಗೆ ಹೇಳುತ್ತಿದ್ದೇನೆ.

ಏಜೆಂಟನ ಪತ್ರವನ್ನು ನೀವು ಲಗತ್ತಿಸಿದ್ದು ಒಳ್ಳೆಯದಾಯಿತು. ಶೇ. 20 ಎಂಬುದು ಈ ವ್ಯಾಪಾರದಲ್ಲಿ ಕೇಳಿಬರುವ ದರಗಳ ಮೇಲ್ತುದಿ. ನನ್ನ ಆಕ್ಷೇಪ ದರಕ್ಕಿಂತ ಹೆಚ್ಚಾಗಿ ಏಳನೆಯ ಕಲಮಿಗೆ: ‘ಮುಂದಿನ ವೃತ್ತಿಪರ ಆದಾಯವೂ ಸೇರಿದಂತೆ’. ಜಾಹೀರಾತಿನ ಒಪ್ಪಂದಕ್ಕಷ್ಟೇ ಏಜೆಂಟನನ್ನು ಇಟ್ಟುಕೊಳ್ಳಲು ಎನ್‌ಸಿಎಎ ಬಿಡುತ್ತದೆ. ಆಟದ ವೃತ್ತಿಜೀವನವನ್ನೇ ಮಾರಿಕೊಡುವ ಏಜೆಂಟನೊಂದಿಗೆ ಕರಾರಾದರೆ ಅರ್ಹತೆಗೇ ಕುತ್ತು ಬರಬಹುದು. ಹಣದ ಕಡೆಯಿಂದ ನೋಡಿದರೂ ಇದು ಬಲೆಯೇ. ಫ್ಲೋರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಗರ್ವಾನ್ ಡೆಕ್ಸ್‌ಟರ್ 2022ರಲ್ಲಿ 4,36,485 ಡಾಲರ್ ಪಡೆದು, ತಾನು ಮುಂದೆ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಗಳಿಸುವುದರ ಶೇ. 15ನ್ನು 25 ವರ್ಷ ಕೊಡುವುದಾಗಿ ಒಂದು ಕಂಪನಿಗೆ ಬರೆದುಕೊಟ್ಟ. ಮರುವರ್ಷ ಎನ್‌ಎಫ್‌ಎಲ್ ತಂಡಕ್ಕೆ ಆಯ್ಕೆಯಾದ, ಅದೇ ವರ್ಷ ಆ ಕರಾರನ್ನು ರದ್ದುಮಾಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಿದ. ನಮ್ಮೂರಿನ ಕಡೆ ಪೈರಿನ ಮೇಲೆ ಸಾಲ ಕೊಟ್ಟು, ಬೆಳೆ ಬಂದಾಗ ಕಣಕ್ಕೇ ಬಂದು ನಿಲ್ಲುತ್ತಿದ್ದ ಸಾಹುಕಾರರ ನೆನಪಾಗುತ್ತದೆ. ಇಲ್ಲಿ ಅವರು ಸೂಟು ತೊಟ್ಟಿದ್ದಾರೆ. ಅಪ್ರಾಪ್ತರು ಮಾಡಿದ ಕರಾರನ್ನು ಸಾಮಾನ್ಯವಾಗಿ ನಂತರ ನಿರಾಕರಿಸಲು ಅವಕಾಶವಿರುತ್ತದೆ. ಹಾಗಾಗಿಯೇ ಅವರು ನಿಮ್ಮ ಸಹಿಯನ್ನೂ ಕೇಳುತ್ತಿದ್ದಾರೆ.

ದೊಡ್ಡ ಮೊತ್ತದ ಮಾತು ಕೇಳಿ ಮನಸ್ಸು ಚಂಚಲವಾದರೆ ಇದನ್ನೂ ಓದಿಕೊಳ್ಳಿ. ಕ್ಯಾಲಿಫೋರ್ನಿಯಾದ ಒಬ್ಬ ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್‌ಗೆ ಫ್ಲೋರಿಡಾ ವಿಶ್ವವಿದ್ಯಾಲಯದ ಬೆಂಬಲಿಗರ ಗುಂಪು 1 ಕೋಟಿ 38.5 ಲಕ್ಷ ಡಾಲರ್ ಒಪ್ಪಂದ ಕೊಟ್ಟಿತು. ಆ ಒಪ್ಪಂದ ಮುರಿದುಬಿದ್ದು, 2023ರ ಜನವರಿಯಲ್ಲಿ ಅವನು ಬೇರೆ ವಿಶ್ವವಿದ್ಯಾಲಯ ಹುಡುಕಿಕೊಳ್ಳಬೇಕಾಯಿತು. 2024ರ ಮೇನಲ್ಲಿ ಅವನು ಕೋಚ್ ಮತ್ತಿತರರ ಮೇಲೆ ದಾವೆ ಹೂಡಿದ. ಕಾಗದದ ಮೇಲಿನ ಸೊನ್ನೆಗಳನ್ನು ಬ್ಯಾಂಕಿನವರು ಜಮಾ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಕಾಲೇಜಿನಲ್ಲಿ ಏನು ಸಿಗುತ್ತದೆ? 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅನುಮೋದಿಸಿದ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯ ‘ಹೌಸ್’ ರಾಜಿ ಒಪ್ಪಂದದ ಪ್ರಕಾರ, ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲುತ್ತದೆ, ಮತ್ತು 2025ರ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ತಮ್ಮ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷದ ಮಿತಿ ಪ್ರತಿ ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಹೊರಗಿನವರು ಕೊಡುವ 600 ಡಾಲರ್ ಮೀರಿದ ಒಪ್ಪಂದಗಳನ್ನು ವರದಿ ಮಾಡಬೇಕು, ಮತ್ತು ಕೊಡುವವರಿಗೆ ನಿಜವಾದ ವ್ಯಾಪಾರ ಉದ್ದೇಶವಿದೆಯೇ, ಮೊತ್ತ ಮಾರುಕಟ್ಟೆಗೆ ಹೊಂದುತ್ತದೆಯೇ ಎಂಬ ಪರಿಶೀಲನೆಯಾಗುತ್ತದೆ. ನಾನು ಮೊದಲು ಹೇಳಿದ ‘ಏನನ್ನು ಕೊಂಡರು’ ಎಂಬ ಪ್ರಶ್ನೆ ಹೀಗೆ ಬರಹದ ನಿಯಮವೇ ಆಗಿದೆ. ಆದರೆ ಹಂಚುವ ಹಣದ ಬಹುಪಾಲು ಹೋಗುವುದು ಫುಟ್‌ಬಾಲಿಗೆ, ಆಮೇಲೆ ಪುರುಷರ ಬ್ಯಾಸ್ಕೆಟ್‌ಬಾಲಿಗೆ. ಟೆನಿಸ್ ಹುಡುಗಿಯ ಪಾಲಿಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯುವುದಿಲ್ಲ.

ನಿಮ್ಮ ಮಗಳಿಗೆ ನಿಜವಾದ ಹಣವಿರುವುದು ವಿದ್ಯಾರ್ಥಿವೇತನದಲ್ಲಿ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಒಟ್ಟು ವೆಚ್ಚ 90,000 ಡಾಲರ್ ದಾಟುತ್ತಿರುವಾಗ, ನಾಲ್ಕು ವರ್ಷದ ವಿದ್ಯಾರ್ಥಿವೇತನದ ಮುಂದೆ ಅಂಗಡಿಯ 1,500 ಡಾಲರ್ ಯಾವ ಲೆಕ್ಕ? ವಿದ್ಯಾರ್ಥಿವೇತನ ದುಡಿಮೆಯಲ್ಲ, ಎಚ್-4ನಲ್ಲಿದ್ದರೂ ವಿದ್ಯಾರ್ಥಿ ವೀಸಾದಲ್ಲಿದ್ದರೂ ಅದನ್ನು ಪಡೆಯಬಹುದು. ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಟೆನಿಸ್ ತಂಡಕ್ಕೆ ಹತ್ತು ಜನರ ಮಿತಿಯಿದೆ, ಹತ್ತೂ ಜನರಿಗೆ ವಿದ್ಯಾರ್ಥಿವೇತನ ಕೊಡಲು ಅಡ್ಡಿಯಿಲ್ಲ, ಕೊಡಲೇಬೇಕೆಂದೂ ಇಲ್ಲ. ಐವಿ ಲೀಗ್ ವಿಶ್ವವಿದ್ಯಾಲಯಗಳೂ ಎನ್‌ಸಿಎಎ ವಿಂಗಡಣೆಯ ಮೂರನೆಯ ದರ್ಜೆಯ ಕಾಲೇಜುಗಳೂ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ, ಆದರೆ ಅಲ್ಲಿ ಕೋಚ್ ಒಪ್ಪಿದರೆ ಪ್ರವೇಶಕ್ಕೆ ಅನುಕೂಲವಾಗುತ್ತದೆ. ನಮ್ಮ ಕಡೆಯ ‘ಸ್ಪೋರ್ಟ್ಸ್ ಕೋಟಾ’ದಂತೆ ಪ್ರಮಾಣಪತ್ರ ಇಟ್ಟುಕೊಂಡು ಕೌಂಟರಿನಲ್ಲಿ ನಿಂತರೆ ಸೀಟು ಸಿಗುವ ವ್ಯವಸ್ಥೆ ಇದಲ್ಲ. ಇಲ್ಲಿ ಕೋಚ್‌ಗೆ ಬೇಕಾದರೆ ಉಂಟು, ಬೇಡವಾದರೆ ಇಲ್ಲ. ಹತ್ತನೆಯ ತರಗತಿ ಮುಗಿದ ಜೂನ್ 15ರಿಂದ ಕೋಚ್‌ಗಳು ನೇರವಾಗಿ ಮಾತಾಡಬಹುದಾದ್ದರಿಂದ ನಿಮ್ಮ ಮಗಳಿಗೆ ಆ ಬಾಗಿಲು ಆಗಲೇ ತೆರೆದಿದೆ. ಅವಳ ಯುಟಿಆರ್ ಅಂಕ (ಟೆನಿಸ್ ಆಟಗಾರರ ಮಟ್ಟ ಅಳೆಯುವ ರೇಟಿಂಗ್), ಇತ್ತೀಚಿನ ಪಂದ್ಯಗಳ ವಿಡಿಯೋ, ಅಂಕಪಟ್ಟಿಗಳನ್ನು ಸೇರಿಸಿ ಅವಳೇ ಕೋಚ್‌ಗಳಿಗೆ ಬರೆಯಲಿ, ನೀವು ಬರೆಯಬೇಡಿ. ತಂದೆ ಬರೆದ ಪತ್ರವನ್ನು ಅವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಬಾಯಿಮಾತಿನ ಭರವಸೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಲಿಖಿತ ಪ್ರಸ್ತಾಪ ಬರುವುದು ಹನ್ನೆರಡನೆಯ ತರಗತಿಯ ಆಗಸ್ಟ್ 1ರ ನಂತರ.

ನೀವು ಕೇಳದಿದ್ದರೂ ಬಹುಮಾನದ ಹಣದ ವಿಷಯ ಸೇರಿಸುತ್ತೇನೆ. ಕಾಲೇಜು ಸೇರುವ ಮೊದಲು ಟೆನಿಸ್ ಆಟಗಾರರು ವರ್ಷಕ್ಕೆ 10,000 ಡಾಲರ್ ತನಕ, ಅದರ ಮೇಲೆ ಆಡಲು ತಗಲಿದ ವೆಚ್ಚದಷ್ಟು, ಬಹುಮಾನ ಪಡೆಯಬಹುದೆಂಬ ನಿಯಮವಿತ್ತು. ಹೈಸ್ಕೂಲಿನಲ್ಲಿದ್ದಾಗ 2021ರ ಯುಎಸ್ ಓಪನ್‌ನಲ್ಲಿ ಆಡಿ, ಈ ಮಿತಿಯಿಂದಾಗಿ ಬಹುಮಾನದ ಬಹುಪಾಲನ್ನು ಬಿಡಬೇಕಾಗಿ ಬಂದ ರೀಸ್ ಬ್ರಾಂಟ್‌ಮೈಯರ್ 2024ರಲ್ಲಿ ಎನ್‌ಸಿಎಎ ವಿರುದ್ಧ ನ್ಯಾಯಾಲಯಕ್ಕೆ ಹೋದರು. ನಿಯಮಗಳು ಬದಲಾಗುತ್ತಿರುವ ಕಾಲವಿದು. ಆದ್ದರಿಂದ ಹಣವಿರುವ ಟೂರ್ನಿಗೆ ಹೆಸರು ಕೊಡುವ ಮೊದಲು, ಮಗಳಲ್ಲಿ ಆಸಕ್ತಿ ತೋರಿಸುತ್ತಿರುವ ಕಾಲೇಜಿನ ನಿಯಮಪಾಲನಾ ಕಚೇರಿಯಿಂದ ಇಮೇಲಿನಲ್ಲಿ ಉತ್ತರ ಪಡೆದು, ವೀಸಾದ ಪ್ರಶ್ನೆಯನ್ನು ವಕೀಲರ ಮುಂದೆ ಬೇರೆಯಾಗಿ ಇಡಿ.

ಕನ್ನಡ ಸಂಘದ ಗಂಟೆಗೆ 20 ಡಾಲರ್ ಕೂಡ, ಸಂಘದವರು ನಮ್ಮವರೇ ಆದರೂ, ದುಡಿಮೆಯ ಹಣವೇ. ಬೇರೆ ಪೋಷಕರೂ ಸಂಬಳವಿಲ್ಲದೆ ಸ್ವಯಂಸೇವೆ ಮಾಡುವ ಶಿಬಿರದಲ್ಲಿ ಮಗಳೂ ಉಚಿತವಾಗಿ ಕಲಿಸಲಿ. ಕಾಲೇಜು ಅರ್ಜಿಯಲ್ಲಿ ಅದನ್ನು ಬರೆಯಬಹುದು. ರಾಜ್ಯೋತ್ಸವದ ದಿನ ಸಂಘದವರು ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಲಿ. ಬುಟ್ಟಿಯ ತಳದಲ್ಲಿ ಲಕೋಟೆಯೇನಾದರೂ ಇದ್ದರೆ ಮಾತ್ರ ಖಜಾಂಚಿಗಳಿಗೆ ಹಿಂದಿರುಗಿಸಿಬಿಡಿ.